ಮನೆಯವರಿಗಾಗಿ ಎಂಬ ಮಾತು

ಒಳ್ಳೆಯ ಮನುಷ್ಯ ಕೆಡುವುದು ಹೇಗೆ? ಅಮೆರಿಕದಲ್ಲಿ 2008ರಿಂದ 2013ರವರೆಗೆ ಪ್ರಸಾರವಾದ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿ ಈ ಪ್ರಶ್ನೆಯನ್ನು 62 ಕಂತುಗಳಲ್ಲಿ ನಿಧಾನವಾಗಿ ಬಿಡಿಸುತ್ತದೆ. ವಿನ್ಸ್ ಗಿಲಿಗನ್ ಸೃಷ್ಟಿಸಿದ ವಾಲ್ಟರ್ ವೈಟ್, ಆಲ್ಬುಕರ್ಕಿ ಊರಿನ ರಸಾಯನಶಾಸ್ತ್ರದ ಮೇಷ್ಟ್ರು. ಸಂಬಳ ಸಾಲದು. ಜೊತೆಗೆ ಶ್ವಾಸಕೋಶದ ಕ್ಯಾನ್ಸರ್. ತಾನು ಸತ್ತರೆ ಹೆಂಡತಿ ಮಕ್ಕಳ ಗತಿಯೇನೆಂದು ಹೆದರಿ, ಕದ್ದುಮುಚ್ಚಿ ಮಾದಕ ವಸ್ತು ತಯಾರಿಸತೊಡಗುತ್ತಾನೆ. ಇಂಥ ಸಂಕಟದಲ್ಲಿ ಯಾರಾದರೂ ದಾರಿ ತಪ್ಪಿಯಾರು ಎಂದು ಅವನ ಪರವಾಗಿ ವಾದಿಸಬಹುದು. ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಮೊದಲ ಸರಣಿಯಲ್ಲೇ ಹಳೆಯ ಗೆಳೆಯರು ಚಿಕಿತ್ಸೆಯ ಖರ್ಚು ಭರಿಸಲು ಮುಂದೆ ಬರುತ್ತಾರೆ. ಅವನು ಒಲ್ಲೆ ಎನ್ನುತ್ತಾನೆ. ಅವರೊಡನೆ ಕಟ್ಟಿದ ಕಂಪನಿಯನ್ನು ಬಿಟ್ಟುಬಂದ ಕಹಿ ಇನ್ನೂ ಆರಿಲ್ಲ. ಕಥೆಯ ನಿಜವಾದ ತಿರುವು ನನಗೆ ಇಲ್ಲೇ ಕಾಣುತ್ತದೆ. ಅವನನ್ನು ಮುಂದಕ್ಕೆ ತಳ್ಳಿದ್ದು ಅಹಂಕಾರ.

ಇಂಥವನ ಕಥೆ ಅಪರಾಧಕ್ಕೆ ಮೆರುಗು ಕೊಡುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ವಾಲ್ಟರ್ ಪಾತ್ರಧಾರಿ ಬ್ರಯಾನ್ ಕ್ರಾನ್‌ಸ್ಟನ್ ಅಭಿನಯಕ್ಕೆ ಮಾರುಹೋಗಿ ನಾವು ಅವನ ಪಕ್ಷ ವಹಿಸುತ್ತೇವೆ, ನಿಜ. ಆ ಮಮತೆಯನ್ನೇ ಕಥೆ ಒರೆಗೆ ಹಚ್ಚುತ್ತದೆ. ಎರಡನೇ ಸರಣಿಯಲ್ಲಿ ಜೇನ್ ಎಂಬ ಯುವತಿ ಅಮಲಿನಲ್ಲಿ ಉಸಿರುಗಟ್ಟುತ್ತಾಳೆ. ಅವನು ಪಕ್ಕದಲ್ಲೇ ಇದ್ದಾನೆ. ಕೈ ಚಾಚಿದರೆ ಉಳಿಸಬಹುದು. ಚಾಚುವುದಿಲ್ಲ. ಅವನ ಕಣ್ಣಲ್ಲಿ ನೀರಿದೆ. ಮನಸ್ಸಾಕ್ಷಿ ಜೀವಂತವಿದ್ದೂ ಸುಮ್ಮನೆ ನಿಲ್ಲಬಲ್ಲನಲ್ಲ, ಅದೇ ನನ್ನನ್ನು ಕಲಕುತ್ತದೆ. ಎಲ್ಲಕ್ಕೂ ಅವನದು ಒಂದೇ ಉತ್ತರ: ಮನೆಯವರಿಗಾಗಿ. ಕೊನೆಯ ಕಂತಿನಲ್ಲಿ, ಹೆಂಡತಿ ಸ್ಕೈಲರ್ ಎದುರು ಆ ಮಾತನ್ನು ಕೈಬಿಡುತ್ತಾನೆ. ತನಗಾಗಿಯೇ ಮಾಡಿದೆ, ಅದು ಇಷ್ಟವಾಗಿತ್ತು ಎಂದು ಒಪ್ಪಿಕೊಳ್ಳುತ್ತಾನೆ. ಅಷ್ಟರಲ್ಲಿ ಮಗ ಅವನ ಹಣವನ್ನೂ ಬೇಡವೆಂದಿದ್ದಾನೆ.