ಕತ್ತಲಿಗೊಂದು ಎಣ್ಣೆ

(ಜನಕಪುರಿಯಲ್ಲಿ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತು)



2012ರ ಜುಲೈ 30 ಮತ್ತು 31 ನಿಮಗೆ ನೆನಪಿರಬಹುದು. ಉತ್ತರ ಭಾರತದ ವಿದ್ಯುತ್ ಜಾಲ ಎರಡು ದಿನ ಸಾಲಾಗಿ ಕುಸಿಯಿತು. ಮೆಟ್ರೋ ನಿಂತಿತು. ಎರಡನೆಯ ದಿನವಂತೂ 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶಕ್ಕೆ ಕರೆಂಟಿಲ್ಲ. ದೆಹಲಿ ಭೂಕಂಪದ ನಾಲ್ಕನೇ ವಲಯದಲ್ಲೂ ಇದೆ. ಟಾರ್ಚು, ಇನ್ವರ್ಟರು ಮೊದಲು ಬೇಕು, ನಿಜ. ಅವುಗಳ ಬ್ಯಾಟರಿ ಮುಗಿದ ಮೇಲೆ?

ಊರಿನಲ್ಲಿ ನಮ್ಮ ಹಿರಿಯರು ಹೊಂಗೆ, ಹಿಪ್ಪೆ, ಹರಳೆಣ್ಣೆಯಿಂದ ದೀಪ ಹಚ್ಚುತ್ತಿದ್ದರು, ಕರಾವಳಿಯವರು ತೆಂಗಿನೆಣ್ಣೆ. ಆದರೆ ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಜನವರಿಯಲ್ಲಿ ನಮ್ಮ ಮನೆಯ ಬಾಟಲಿಯನ್ನು ಬಿಸಿಲಿಗಿಟ್ಟರೆ ಮಾತ್ರ ಎಣ್ಣೆ ಹೊರಬರುತ್ತದೆ. ತುಪ್ಪದ್ದೂ ಅದೇ ಕಥೆ. ಹೆಪ್ಪುಗಟ್ಟಿದ ಎಣ್ಣೆ ಬತ್ತಿಗೆ ಏರುವುದಿಲ್ಲ. ಆದ್ದರಿಂದ ಇಲ್ಲಿಯ ಚಳಿಗೆ ಸಾಸಿವೆ ಎಣ್ಣೆ, ಎಳ್ಳೆಣ್ಣೆ, ಹರಳೆಣ್ಣೆ ಒಳ್ಳೆಯವು. ಸಾಸಿವೆ ಎಣ್ಣೆ ಪ್ರತಿ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಹರಳೆಣ್ಣೆ ನಿಧಾನವಾಗಿ ಉರಿಯುತ್ತದೆ. ಮಂದವಾದ್ದರಿಂದ ಅಗಲವಾದ ಹಣತೆಯಲ್ಲಿ ಎಣ್ಣೆ ಜ್ವಾಲೆಗೆ ಹತ್ತಿರವಿರಲಿ, ಬತ್ತಿ ಮೋಟಾಗಿರಲಿ.

ಮೇಣದ ಬತ್ತಿ ಬೇಕೆನ್ನುವವರಿಗೆ ಜೇನುಮೇಣದ್ದು ಇದೆ. ಅದು ಕರಗಲು 60 ಡಿಗ್ರಿ ದಾಟಬೇಕು. ಇಲ್ಲಿಯ ಜೂನ್ ಬಿಸಿಲಿಗೂ ಕರಗದು. ಬೆಲೆ ಮಾತ್ರ ಹೆಚ್ಚು.

ಸೀಮೆಎಣ್ಣೆ ಕೂಡಿಡುವುದು ಬೇಡ. ಅದರ ಆವಿಗೆ ಬೇಸಿಗೆಯ ಸೆಕೆಯಲ್ಲಿ ಒಂದು ಕಿಡಿ ಸಾಕು. ಅಡುಗೆಯ ಎಣ್ಣೆ ಹಾಗಲ್ಲ, 200 ಡಿಗ್ರಿ ಮೀರಿ ಕಾದರಷ್ಟೇ ಹೊತ್ತಿಕೊಳ್ಳುವ ಆವಿ ಬಿಡುತ್ತದೆ. ಹಾಗೆಂದು ದೀಪವನ್ನು ಪರದೆಯ ಬಳಿ ಇಡಬೇಡಿ, ಉರಿಯಲು ಬಿಟ್ಟು ಮಲಗಬೇಡಿ. ಚಳಿಯೆಂದು ಕೋಣೆಯನ್ನು ಪೂರ್ತಿ ಮುಚ್ಚಬೇಡಿ, ಕಿಟಕಿ ನಾಲ್ಕು ಬೆರಳು ತೆರೆದಿರಲಿ. ಭೂಮಿ ನಡುಗಿದ ಮೇಲಂತೂ ಗ್ಯಾಸ್ ಸೋರಿಲ್ಲವೆಂದು ಖಚಿತವಾಗುವ ತನಕ ಕಡ್ಡಿ ಗೀರಲೇಬಾರದು. ಆಗ ಟಾರ್ಚೇ ಗತಿ.

ಇಂದು ರಾತ್ರಿ ಒಂದು ಕೆಲಸ ಮಾಡಿ. ನಿಮ್ಮ ಹಣತೆಗೆ ಎರಡು ಚಮಚ ಎಣ್ಣೆ ಹಾಕಿ, ಎಷ್ಟು ಹೊತ್ತು ಉರಿಯಿತೆಂದು ಗಡಿಯಾರ ನೋಡಿ ಬರೆದಿಡಿ. ಮೂರು ರಾತ್ರಿಗೆ ಎಷ್ಟು ಬೇಕೆಂದು ಲೆಕ್ಕ ಸಿಗುತ್ತದೆ. ಅಷ್ಟು ಎಣ್ಣೆ, ಬತ್ತಿ, ಬೆಂಕಿಪೊಟ್ಟಣ ಒಂದು ಡಬ್ಬಿಯಲ್ಲಿರಲಿ. ಆ ಡಬ್ಬಿ ಎಲ್ಲಿದೆಯೆಂದು ಮನೆಯ ಹಿರಿಯರಿಗೂ ಗೊತ್ತಿರಲಿ. ಹಗಲಿಡೀ ಒಂಟಿಯಾಗಿರುವವರು ಅವರೇ ತಾನೆ.