ಈಗ ಏನು ಓದುತ್ತಿದ್ದೀರಿ?

(ನಮ್ಮ ಊರ ವಾಚನಾಲಯದಲ್ಲಿ ಕಳೆದ ಭಾನುವಾರ ಸಂಜೆ ಸೇರಿದ್ದ ಓದುಗರ ಕೂಟದ ಕೊನೆಯಲ್ಲಿ ಮಾಡಿದ ಭಾಷಣ)



ಸಭೆಯ ಕೊನೆಗೆ ಮಾತನಾಡುವವನಿಗೆ ಒಂದು ಅನುಕೂಲವುಂಟು. ಹೇಳಬೇಕಾದದ್ದನ್ನೆಲ್ಲ ಬೇರೆಯವರು ಆಗಲೇ ಹೇಳಿ ಮುಗಿಸಿರುತ್ತಾರೆ. ನಾನು ಮ್ಯಾಟ್ರಿಕ್ ಮುಗಿಸಿ ಮೇಷ್ಟರಾದವನು. ಈಗ ಪಕ್ಷದ ಕೆಲಸಕ್ಕೆಂದು ಹಳ್ಳಿ ಹಳ್ಳಿ ತಿರುಗುವವನು. ಸಾಹಿತ್ಯ ವಿಮರ್ಶೆ ನನ್ನಿಂದ ಆಗುವ ಕೆಲಸವಲ್ಲ. ಇಲ್ಲಿ ಕೂತು ಕೇಳಿದ್ದರ ಮೇಲೆ ನಾಲ್ಕು ಮಾತು ಹೇಳಿ, ಆಮೇಲೆ ನಿಮ್ಮನ್ನು ಒಂದು ವಿಷಯ ಕೇಳಿಕೊಳ್ಳುತ್ತೇನೆ.

ಈಗ ಏನು ಓದುತ್ತಿದ್ದೀರಿ, ಯಾವುದು ಹಿಡಿಸಿತು, ಈ ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಕೇಳುವುದೆಂದು ಗೊತ್ತುಮಾಡಿಕೊಂಡಿದ್ದೆವು. ಮೊದಲು ಎದ್ದ ನಾಲ್ಕೈದು ಮಂದಿಯ ಉತ್ತರ ಕೇಳಿ ನನಗೆ ಗಾಬರಿಯಾಯಿತು. ಒಬ್ಬರು ಉಪನಿಷತ್ತು ಎಂದರು. ಇನ್ನೊಬ್ಬರು, ನಮ್ಮ ಪಕ್ಷದವರೇ, ಮಾರ್ಕ್ಸನ 'ಬಂಡವಾಳ' ಎಂದರು. ಆ ಗ್ರಂಥ ನಮ್ಮ ಕಚೇರಿಯ ಬೀರುವಿನಲ್ಲಿದೆ. ಅದರ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇವೆ. (ನಗು) ನಗಬೇಡಿ. ನನ್ನ ಸರದಿ ಮೊದಲೇ ಬಂದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಸಭೆಯ ದಾರಿ ತಿರುಗಿಸಿದವರು ಅಕ್ಕಿ ಗಿರಣಿಯ ನಮ್ಮ ಹಮಾಲಿ ಅಣ್ಣ. ಅವರು ಕಾರಂತರ 'ಚೋಮನ ದುಡಿ'ಯನ್ನು ಲಾರಿ ಬರುವವರೆಗಿನ ಬಿಡುವಿನಲ್ಲಿ, ಚೀಲದ ಮೇಲೆ ಕೂತು, ಜೊತೆಯವರಿಗೆ ಗಟ್ಟಿಯಾಗಿ ಓದುತ್ತಿದ್ದಾರಂತೆ. ಪುಸ್ತಕ 1933ರದ್ದು. ಓದಬಲ್ಲವರು ಅಲ್ಲಿ ಇಬ್ಬರೇ. ಕೇಳುವವರು ಒಂಬತ್ತು ಜನ. ಚೋಮನಿಗೆ ಎತ್ತುಗಳಿವೆ, ಉಳಲು ನೆಲವಿಲ್ಲ. ಧಣಿ ಸಂಕಪ್ಪಯ್ಯನಿಗೆ ಕೊಡುವ ಮನಸ್ಸು ಬಂದರೂ ಅವನ ತಾಯಿ ಒಪ್ಪುವುದಿಲ್ಲ. ಅಲ್ಲಿಗೆ ಬಂದಾಗ ಹಮಾಲಿಯೊಬ್ಬ, "ಧಣಿ ಒಳ್ಳೆಯವನಾದರೂ ಭೂಮಿ ಬರಲಿಲ್ಲವಲ್ಲ, ಹಾಗಾದರೆ ಒಳ್ಳೆಯತನ ಯಾತಕ್ಕೆ ಬಂತು?" ಎಂದು ಕೇಳಿದನಂತೆ. ಭೂಸುಧಾರಣೆಯ ಮೇಲೆ ನಾನು ಎಷ್ಟೋ ಭಾಷಣ ಮಾಡಿದ್ದೇನೆ. ಇಷ್ಟು ನೇರವಾಗಿ ಒಮ್ಮೆಯೂ ಕೇಳಿಲ್ಲ.

ಅದರ ಬೆನ್ನಿಗೇ ಹಿಂದಿನ ಬೆಂಚಿನ ಅಜ್ಜಯ್ಯ ಎದ್ದದ್ದನ್ನು ನೀವು ನೋಡಿದಿರಿ. ಅವರು ಪುಸ್ತಕ ಓದಿದವರಲ್ಲ. 1974ರ ತಿದ್ದುಪಡಿಯ ಕಾಯಿದೆ ಬಂದಾಗ ಏಳನೆಯ ನಮೂನೆಯ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಗೆ ಅಲೆದ ಕಥೆ ಹೇಳಿದರು. ಗೇಣಿ ಮಾಡುತ್ತಿದ್ದವರಿಗೆ ನೆಲ ಬಂತು. "ಆದರೆ ನಿಮ್ಮ ಚೋಮನಿಗೆ ಗೇಣಿ ಚೀಟಿಯೂ ಇರಲಿಲ್ಲವಲ್ಲ, ಅವನು ಯಾವ ನಮೂನೆ ತುಂಬಬೇಕಿತ್ತು?" ಎಂದರು. ಓದಿದವನೊಬ್ಬ, ಓದದವನೊಬ್ಬ; ಒಂದು ಪುಸ್ತಕವನ್ನು ಇಬ್ಬರೂ ಸೇರಿ ಓದಿದ ಹಾಗಾಯಿತು.

ಆಮೇಲೆ ಅಂಗನವಾಡಿಯ ಅಕ್ಕ ಮಾತನಾಡಿದರು. ತ್ರಿವೇಣಿಯವರ 'ಶರಪಂಜರ'ವನ್ನು ಅವರು ಎರಡನೆಯ ಬಾರಿ ಓದುತ್ತಿದ್ದಾರೆ. ಪುಸ್ತಕಕ್ಕೆ ಪತ್ರಿಕೆಯ ಹಾಳೆ ಸುತ್ತಿ, ಅಕ್ಕಿ ಡಬ್ಬದ ಹಿಂದೆ ಇಟ್ಟು, ಪಾತ್ರೆ ತೊಳೆದಾದ ಮೇಲೆ ತೆಗೆಯುತ್ತಾರಂತೆ. ಬಾಣಂತನದಲ್ಲಿ ಬುದ್ಧಿ ಕೆಟ್ಟ ಕಾವೇರಿ ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ಮನೆಯವರ ಕಣ್ಣಿಗೆ ಮಾತ್ರ ಹುಚ್ಚಿಯಾಗಿಯೇ ಉಳಿಯುತ್ತಾಳೆ. "ಡಾಕ್ಟರು ಗುಣ ಮಾಡಿದ್ದನ್ನು ಮನೆಯವರು ಕೆಡಿಸಿದರು" ಎಂದು ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದರು. 1963ರಲ್ಲಿ, ಇನ್ನೂ ಮೂವತ್ತನಾಲ್ಕರ ವಯಸ್ಸಿನಲ್ಲೇ ತೀರಿಕೊಂಡ ಲೇಖಕಿಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ಎಲ್ಲಿ ಸಿಕ್ಕೀತು?

ಕಾಲೇಜಿನ ಹುಡುಗಿ ಬಾನು ಮುಷ್ತಾಕರ ಕಥೆಗಳನ್ನು ಓದುತ್ತಿದ್ದಾಳೆ. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಹನ್ನೆರಡು ಕಥೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಬಹುಮಾನ ಬಂತು. ಕನ್ನಡದ ಬರವಣಿಗೆಗೆ ಅದು ಮೊದಲ ಸಲ. ಆ ಸುದ್ದಿ ಕೇಳಿ ಪುಸ್ತಕಕ್ಕೆ ಹೆಸರು ಬರೆಸಿದವರು ನಮ್ಮಲ್ಲಿ ಬಹಳ ಮಂದಿ. ಆದರೆ ಈ ಹುಡುಗಿ 'ಎದೆಯ ಹಣತೆ'ಯನ್ನು, ಕನ್ನಡ ಓದಲು ಬಾರದ ತನ್ನ ತಾಯಿಗೆ ಓದಿ ಹೇಳಿದ್ದಾಳೆ. ಮೆಹರುನ್ ಸೀಮೆಎಣ್ಣೆ ಸುರಿದುಕೊಳ್ಳುವ ಕಡೆ ತಾಯಿ "ಸಾಕು, ನಿಲ್ಲಿಸು" ಎಂದರಂತೆ. ಸ್ವಲ್ಪ ಹೊತ್ತು ಬಿಟ್ಟು, "ಮಗಳಿಗೆ ಎಚ್ಚರವಾಯಿತೇ?" ಎಂದು ಅವರೇ ಕೇಳಿದರಂತೆ. ಅದನ್ನು ಕೇಳಿದಾಗ ಈ ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ.

ಇನ್ನು ಹೇಳಲು ಮನಸ್ಸಾಗದ ಒಂದು ಮಾತು. ನಾನು ಮೇಷ್ಟರಾಗಿದ್ದಾಗ ಏಳನೆಯ ತರಗತಿಯ ಹುಡುಗನೊಬ್ಬ ಲೆಕ್ಕದ ಪುಸ್ತಕದೊಳಗೆ ಪತ್ತೇದಾರಿ ಕಾದಂಬರಿ ಇಟ್ಟುಕೊಂಡು ಓದುತ್ತಿದ್ದ. ಅದನ್ನು ಕಿತ್ತುಕೊಂಡು ಎಲ್ಲರೆದುರು ಎತ್ತಿ ಹಿಡಿದು, "ಇಂಥದ್ದನ್ನು ಓದುವವನು ಕೊನೆಗೆ ಇಂಥ ಕೆಲಸವನ್ನೇ ಮಾಡುತ್ತಾನೆ" ಎಂದೆ. ಮೇಜಿನ ಖಾನೆಗೆ ಹಾಕಿ ಬೀಗ ಜಡಿದೆ. ಸಂಜೆ ಅದನ್ನು ಮನೆಗೆ ಒಯ್ದು, ರಾತ್ರಿ ಎರಡು ಗಂಟೆಯವರೆಗೆ ಕೂತು ಓದಿ ಮುಗಿಸಿದೆ. ಹೌದು, ನಾನೇ. ಪುಸ್ತಕ ಆ ಹುಡುಗನದ್ದಲ್ಲ, ಅವನ ಚಿಕ್ಕಪ್ಪ ಬಾಡಿಗೆಗೆ ತಂದದ್ದು. ಅದನ್ನು ನಾನು ಹಿಂದಕ್ಕೆ ಕೊಡಲೇ ಇಲ್ಲ.

ಎಷ್ಟೋ ವರ್ಷದ ಮೇಲೆ ಕೂಲಿಕಾರರ ಸಭೆಗೆ ಕರೆಯಲು ಇಟ್ಟಿಗೆ ಗೂಡಿಗೆ ಹೋದಾಗ ಅವನು ಸಿಕ್ಕಿದ. ಕರಪತ್ರ ಕೊಟ್ಟೆ. "ನೀವೇ ಓದಿ ಹೇಳಿ ಮೇಷ್ಟ್ರೇ, ನನಗೆ ಅಭ್ಯಾಸ ತಪ್ಪಿಹೋಗಿದೆ" ಎಂದ. ಓದಿ ಹೇಳಿದೆ. ಹೊರಡುವಾಗ ನಗುತ್ತಲೇ ಕೇಳಿದ: "ಅದರಲ್ಲಿ ಕೊನೆಗೆ ಕೊಂದವನು ಯಾರು ಮೇಷ್ಟ್ರೇ?" ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದು ಸುಳ್ಳು ಹೇಳಿ ಬಂದೆ.

ಗಳಗನಾಥರೂ ಕನ್ನಡ ಶಾಲೆಯ ಮಾಸ್ತರರಾಗಿದ್ದವರೇ. ಅವರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ಸುತ್ತಿ ಮಾರಿದರು. ಮನೆಬಾಗಿಲಿಗೆ ಪುಸ್ತಕ ತಂದುಕೊಟ್ಟ ಮಾಸ್ತರರು ಅವರು. ಕೈಯಲ್ಲಿದ್ದುದನ್ನು ಕಿತ್ತುಕೊಂಡವನು ನಾನು. ಪತ್ತೇದಾರಿ ಕಥೆಗಳೇನು ಕಡಿಮೆಯೇ? ಎನ್. ನರಸಿಂಹಯ್ಯನವರು ಅಂಥ ಕಾದಂಬರಿಗಳನ್ನು ನೂರಾರು ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಬೆನ್ನುಹತ್ತಿ ಕನ್ನಡವನ್ನು ಸರಾಗವಾಗಿ ಓದಲು ಕಲಿತವರು ಈ ಸಭೆಯಲ್ಲೇ ಇದ್ದಾರೆ. ಕೈ ಎತ್ತಿ ನೋಡೋಣ. ಏಳು, ಎಂಟು... ಉಪನಿಷತ್ತಿನವರೂ ಎತ್ತಿದರು. (ನಗು)

ಈಗ ನನ್ನ ಕೋರಿಕೆ. ಅಧ್ಯಕ್ಷರ ಮೇಜಿನ ಮೇಲೆ ಈ ವರ್ಷ ಕೊಳ್ಳಬೇಕಾದ ಪುಸ್ತಕಗಳ ಪಟ್ಟಿ ಇದೆ. ಅದನ್ನು ಸಿದ್ಧಮಾಡಿದ ಉಪಸಮಿತಿಯಲ್ಲಿ ನಾನೂ ಒಬ್ಬ. ನಾವು ಐದು ಜನ ಗಂಡಸರು, ಎಲ್ಲರೂ ಒಂದೇ ಬೀದಿಯವರು, ಕೂತು ಹದಿನೇಳು ಹೆಸರುಗಳಿಗೆ ಗೀಟು ಹಾಕಿದೆವು. ಎದುರಿಗೆ 'ಹಗುರ ಸಾಹಿತ್ಯ' ಎಂದು ಬರೆದೆವು. ಅದರಲ್ಲಿ ಪತ್ತೇದಾರಿ ಇದೆ, ಹೆಂಗಸರು ಓದುವ ಸಾಂಸಾರಿಕ ಕಾದಂಬರಿಗಳಿವೆ, ಮಕ್ಕಳ ಚಿತ್ರಕಥೆಗಳೂ ಇವೆ. ಬಿಟ್ಟ ಜಾಗದಲ್ಲಿ ಯಾರೂ ಕೇಳದ ಗ್ರಂಥಗಳನ್ನು ಸೇರಿಸಿದೆವು. ಅವುಗಳಲ್ಲಿ ಮೂರನ್ನು ಸೂಚಿಸಿದವನು ನಾನೇ. ಆ ಪಟ್ಟಿಗೆ ಇಂದು ಒಪ್ಪಿಗೆ ಕೊಡಬೇಡಿರೆಂದು ಬೇಡುತ್ತೇನೆ. ನನ್ನ ರುಜುವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಜೊತೆಯ ಸದಸ್ಯರಿಗೆ ಬೇಸರವಾಗುವುದು ಸಹಜ; ಅವರಿಗೆ ಮೊದಲೇ ಹೇಳದೆ ಹೋದದ್ದು ತಪ್ಪು, ಕ್ಷಮಿಸಬೇಕು. ಅಂಗನವಾಡಿಯ ಅಕ್ಕನನ್ನೂ ಹಮಾಲಿ ಅಣ್ಣನನ್ನೂ ಉಪಸಮಿತಿಗೆ ಸೇರಿಸಿ, ಹೊಸ ಪಟ್ಟಿ ಮಾಡೋಣ. ಭಾರವಾದ ಗ್ರಂಥಗಳು ಬೇಡವೆಂದು ನಾನು ಹೇಳುತ್ತಿಲ್ಲ. ನಿಜವಾಗಿ ಓದುವವನು ಒಬ್ಬನಿದ್ದರೂ ಅವನ ಪುಸ್ತಕ ಬರಲಿ. ಓದುತ್ತೇನೆಂದು ತೋರಿಸಿಕೊಳ್ಳುವವನಿಗಾಗಿ ಬೇಡ.

ಎರಡನೆಯದು ಹೊತ್ತಿನ ಮಾತು. ಆರು ಗಂಟೆಗೆ ನಾವು ಬಾಗಿಲು ಹಾಕುತ್ತೇವೆ. ಗಿರಣಿ ಬಿಡುವುದು ಆರೂವರೆಗೆ. ವಾರಕ್ಕೆ ಮೂರು ದಿನ ಒಂಬತ್ತರವರೆಗೆ ತೆರೆಯಲು ನಾನು ಒಂದು ದಿನ ಕೂರುತ್ತೇನೆ; ಇನ್ನಿಬ್ಬರು ಬೇಕು.

ದುಡ್ಡೆಲ್ಲಿ ಎಂದು ಖಜಾಂಚಿಯವರು ನನ್ನನ್ನು ನೋಡುತ್ತಿದ್ದಾರೆ. ನಮ್ಮ ವಾಚನಾಲಯ ಚಂದಾದ ಮೇಲೆ ನಡೆಯುವುದು, ಸರಿ. ಆದರೆ ಊರಿನ ಸರ್ಕಾರಿ ಗ್ರಂಥಾಲಯಕ್ಕೆಂದು ನಾವೆಲ್ಲ ಮನೆಕಂದಾಯದ ಜೊತೆಗೆ ನೂರಕ್ಕೆ ಆರು ರೂಪಾಯಿ ಕರ ಕೊಡುತ್ತಿದ್ದೇವೆ. 1965ರ ಗ್ರಂಥಾಲಯ ಕಾಯಿದೆ ಹಾಕಿದ ಕರ ಅದು. ವಸೂಲು ಮಾಡುವುದು ಸ್ಥಳೀಯ ಸಂಸ್ಥೆ, ತಲುಪಬೇಕಾದದ್ದು ಗ್ರಂಥಾಲಯ ಇಲಾಖೆಗೆ. ನಡುವೆ ಅದು ಎಷ್ಟು ಉಳಿಯುತ್ತದೆಂದು ಲಿಖಿತವಾಗಿ ಕೇಳುವ ಅರ್ಜಿಯನ್ನು ನಾನು ಬರೆದು ತಂದಿದ್ದೇನೆ. ಹೋಗುವಾಗ ರುಜು ಹಾಕಿ. ಅಜ್ಜಯ್ಯ ಹೆಬ್ಬೆಟ್ಟು ಒತ್ತಲಿ, ಅದೂ ರುಜುವೇ.

ನಾನು ಏನು ಓದುತ್ತಿದ್ದೇನೆಂದು ಹೇಳದೆ ಕೂರುವುದು ನ್ಯಾಯವಲ್ಲ. ದೇವನೂರ ಮಹಾದೇವರ 'ಒಡಲಾಳ' ಹಿಡಿದಿದ್ದೇನೆ. ಸಾಕವ್ವನ ಹುಂಜ ಕಳೆದುಹೋಗಿದೆ, ಮುದುಕಿ ಇಡೀ ಮನೆಯನ್ನು ಬೈಯುತ್ತಿದ್ದಾಳೆ, ನಾನು ಬಸ್ಸಿನಲ್ಲಿ ಒಬ್ಬನೇ ನಗುತ್ತ ಕೂತಿದ್ದೆ. ಸಣ್ಣ ಪುಸ್ತಕ. ನನ್ನ ಹಿಂದೆ ಮೂರು ಜನ ಕಾದಿದ್ದಾರೆಂದು ಗ್ರಂಥಪಾಲಕರು ಆಗಲೇ ಎರಡು ಸಲ ಎಚ್ಚರಿಸಿದ್ದಾರೆ. ಗುರುವಾರ ತಂದುಕೊಡುತ್ತೇನೆ. ಮುಂದಿನ ಸಲ ಇಟ್ಟಿಗೆ ಗೂಡಿನ ಕಡೆ ಹೋಗುವಾಗ ಪತ್ತೇದಾರಿ ಕಾದಂಬರಿಯೊಂದು ನನಗೆ ಬೇಕಾಗಿದೆ; ಯಾರ ಹತ್ತಿರವಾದರೂ ಹಳೆಯದಿದ್ದರೆ ದಯಮಾಡಿ ಕೊಡಿ.