ಫೋಟೋದಲ್ಲಿ ನಿಂತವರ ಹೆಸರೇನು?

(ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



2020ರ ಲಾಕ್‌ಡೌನಿನಲ್ಲಿ ಬೊಂಬಾಯಿಯ ಕೆಲಸ ಹೋಗಿ ಕುಂದಾಪುರ, ಬೈಂದೂರು ಕಡೆಯ ಜನ ಊರಿಗೆ ಬಂದರು. ಶಾಲೆ, ಹಾಸ್ಟೆಲುಗಳಲ್ಲಿ ಅವರನ್ನು ಕ್ವಾರಂಟೈನ್ ಮಾಡಿದರು. ಆಗ ಕೇರಿಗೆ ಅಕ್ಕಿಯ ಕಿಟ್ ಬಂತು, ಕಿಟ್ಟಿನ ಹಿಂದೆಯೇ ಮೊಬೈಲೂ ಬಂತು. ಹತ್ತು ಬಿಳಿ ಅಂಗಿ ಸೇರಿ ಒಂದು ಚೀಲ ಹಿಡಿದು ನಗೋದು, ಎದುರಿಗೆ ಕೈ ಚಾಚಿದ ಒಬ್ಬ ಮುದುಕಿ. "ಇಲ್ಲ್ ಕಾಣ್" ಅಂತ ಏಕವಚನದಲ್ಲಿ ಹೇಳಿಸಿಕೊಂಡು ಆಕೆ ಕ್ಯಾಮರಾ ನೋಡಬೇಕು! ಕೊಟ್ಟವರ ಹೆಸರು ಸಾಲಾಗಿ ಬರುತ್ತದೆ, ಆಕೆ ಮಾತ್ರ 'ಬಡ ಮಹಿಳೆ'.

ಈ ರೋಗ ಹಳೆಯದು. 1876-78ರ ಕ್ಷಾಮದಲ್ಲಿ ಹೂಪರ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮದ್ರಾಸು ಪ್ರಾಂತ್ಯದ ಹಸಿದವರನ್ನು ಗುಂಪುಗುಂಪಾಗಿ ಕೂರಿಸಿ ಫೋಟೋ ಹೊಡೆದ. (ನಮ್ಮ ಜಿಲ್ಲೆಯೂ ಆಗ ಅದೇ ಪ್ರಾಂತ್ಯದ್ದು.) ಎಲುಬು ಎಣಿಸಬಹುದು. ಹೆಸರಿಲ್ಲ.

ಅಮೆರಿಕದಲ್ಲೂ ಅಷ್ಟೇ. 1936ರ ಮಾರ್ಚಿನಲ್ಲಿ, ಬಟಾಣಿ ಬೆಳೆ ಹಾಳಾಗಿ ಕೂಲಿ ಇಲ್ಲದೆ ಕೂತಿದ್ದವರ ಬಿಡಾರದಲ್ಲಿ, ಡೊರೊಥಿಯಾ ಲ್ಯಾಂಗ್ ಒಬ್ಬ ತಾಯಿಯ ಫೋಟೋ ತೆಗೆದಳು. 'ವಲಸೆ ತಾಯಿ' ಅಂತ ಲೋಕಪ್ರಸಿದ್ಧ. ಹೆಸರು ಕೇಳಲಿಲ್ಲ. ಪತ್ರಿಕೆಯಲ್ಲಿ ಬಂದ ಮೇಲೆ ಸರ್ಕಾರ ಆ ಬಿಡಾರಕ್ಕೆ ಸುಮಾರು 9,000 ಕಿಲೋ ಆಹಾರ ಕಳಿಸಿತು, ಅಷ್ಟರಲ್ಲಿ ಆಕೆಯ ಸಂಸಾರ ಜಾಗ ಬಿಟ್ಟಾಗಿತ್ತು. ಆಕೆ ಫ್ಲಾರೆನ್ಸ್ ಥಾಂಪ್ಸನ್, ಮೂಲನಿವಾಸಿ ಚೆರೋಕಿ ಹೆಂಗಸು ಅಂತ ಲೋಕಕ್ಕೆ ತಿಳಿದದ್ದು 1978ರಲ್ಲಿ. ನಲವತ್ತೆರಡು ವರ್ಷ! ಆ ಫೋಟೋದಿಂದ ತನಗೆ ಒಂದು ಕಾಸೂ ಬರಲಿಲ್ಲ ಅಂತ ಆಕೆ ಬೇಜಾರು ಹೇಳಿಕೊಂಡಳು. ಲ್ಯಾಂಗ್ ಕೆಟ್ಟವಳೇನಲ್ಲ, ಆ ಫೋಟೋ ದೊಡ್ಡದೇ. ಆದರೂ ಲೆಕ್ಕ ಲೆಕ್ಕವೇ.

ಅದೇ ಸರ್ಕಾರಿ ಇಲಾಖೆಗೆ 1942ರಲ್ಲಿ ಗಾರ್ಡನ್ ಪಾರ್ಕ್ಸ್ ಬಂದ. ಕಪ್ಪು ಹುಡುಗ, ರೈಲಿನಲ್ಲಿ ಊಟ ಬಡಿಸುತ್ತಿದ್ದವನು, ಸೆಕೆಂಡ್ ಹ್ಯಾಂಡ್ ಕ್ಯಾಮರಾದಲ್ಲಿ ಕಲಿತವನು. ಆಫೀಸು ಗುಡಿಸುತ್ತಿದ್ದ ಎಲ್ಲಾ ವಾಟ್ಸನ್ ಜೊತೆ ಕೂತು ಮೊದಲು ಆಕೆಯ ಕಥೆ ಕೇಳಿದ. ಆಮೇಲೆ ದೇಶದ ಬಾವುಟದ ಮುಂದೆ, ಕೈಯಲ್ಲಿ ಕಸಬರಿಕೆ ಕೊಟ್ಟು ನಿಲ್ಲಿಸಿದ. ಅಷ್ಟಕ್ಕೇ ಬಿಡಲಿಲ್ಲ, ಆಕೆಯ ಮನೆ, ಮೊಮ್ಮಕ್ಕಳು, ಪ್ರಾರ್ಥನೆ ಎಲ್ಲಾ ತೆಗೆದ. ಆ ಹೆಂಗಸು ಯಾರ ಮುಂದೂ ಕೈ ಚಾಚಿಲ್ಲ, ನೋಡಿ.

ನಮ್ಮಲ್ಲಿ ಡೋಲು ಬಡಿಯುವ ಕೊರಗರ ಫೋಟೋ ಎಲ್ಲರ ಹತ್ತಿರವೂ ಉಂಟು. ಪ್ಲಾಸ್ಟಿಕ್ ಬಂದ ಮೇಲೆ ಹೆಣೆದ ಬುಟ್ಟಿ ಮಾರಾಟವಾಗದೆ ಸಂತೆಯಿಂದ ವಾಪಸ್ ಬರುವ ಸಂಜೆಯದ್ದು ಯಾರ ಹತ್ತಿರ ಉಂಟು ಮಾರಾಯ್ರೆ?

ರಜೆಗೆ ಊರಿಗೆ ಹೋಗ್ತೀರಿ, ಕಿಸೆಯಲ್ಲಿ ಮೊಬೈಲ್ ಇದೆ. ಅಬ್ಬಿಯನ್ನ, ಅಪ್ಪಯ್ಯನನ್ನ ಕೇಳಿಯೇ ತೆಗೀರಿ. ಬೇಡ ಅಂದ್ರೆ ಬೇಡ. ಹೆಸರು, ಊರು, ಅವತ್ತಿನ ಕೂಲಿ ಎಷ್ಟು, ಒಂದು ಬುಟ್ಟಿಗೆ ಎಷ್ಟು ಸಿಕ್ಕಿತು, ಬರೆದಿಡಿ. ಪ್ರಿಂಟ್ ಹಾಕಿಸಿದರೆ ಮೊದಲನೇ ಪ್ರತಿ ಅವರ ಕೈಗೆ.